ಮೂವತ್ತು ಸೂಜಿ

ಡಿಸ್ಚಾರ್ಜ್ ಚೀಟಿಯ ಜೊತೆಗೊಂದು ರಟ್ಟಿನ ಡಬ್ಬಿ ಕೊಟ್ಟರು.
ದಿನಕ್ಕೊಂದು, ರಾತ್ರಿ ಎಂಟಕ್ಕೆ, ತಪ್ಪಿಸಬೇಡಿ.
ಕೋಲಾರ ಬಿಟ್ಟು ಚಿಂತಾಮಣಿ ದಾಟಿ ಶಿಡ್ಲಘಟ್ಟದವರೆಗೆ
ತೊಡೆಯ ಮೇಲಿಂದ ಅದನ್ನಿಳಿಸಲಿಲ್ಲ.
ಪಕ್ಕದಲ್ಲಿ ಜೈಬುನ್, ಸೊಂಟದೊಳಗೆ ಹೊಸ ಕೀಲು,
ಪ್ರತಿ ಹಂಪ್‌ಗೂ ಬೈಗುಳ ನನಗೇ.

ನಲವತ್ತು ವರ್ಷ ಕುದಿನೀರಲ್ಲಿ ಕೈಯಾಡಿಸಿದವನು ನಾನು.
ಗೂಡಿನ ಎಳೆ ಕಣ್ಣಿಗೆ ಕಾಣುವ ಮೊದಲೇ
ಬೆರಳಿಗೆ ಸಿಗುತ್ತದೆ.
ಆದರೂ ಮೊದಲ ರಾತ್ರಿ
ಗುಂಡುಪಿನ್ನಿನಷ್ಟು ಸೂಜಿಗೆ ಕೈ ನಡುಗಿತು.

ಹೊಕ್ಕುಳಿಂದ ಮೂರು ಬೆರಳಾಚೆ ಚಿವುಟಿ ಹಿಡಿಯಿರಿ,
ನೆಟ್ಟಗೆ ಚುಚ್ಚಿ, ಆಮೇಲೆ ಉಜ್ಜಬೇಡಿ.
ನರ್ಸ್ ಎಸ್ತರ್ ಕಿತ್ತಳೆಯ ಮೇಲೆ ಕಲಿಸಿದ್ದಳು.
ಕಿತ್ತಳೆ ನಗುವುದಿಲ್ಲ. ಇವಳು ನಕ್ಕಳು:
"ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ
ಹೊಟ್ಟೆ ನೋಡೋಕೆ ಡಾಕ್ಟರ್ ಚೀಟಿ ಬೇಕಾಯ್ತಾ?"

ನೋಡಲು ಬಂದವರದೆಲ್ಲ ಒಂದೇ ಮಾತು, ಏಳಬೇಡ, ಮಲಗಿರು.
ಕಾಲುಸೂಪು ತಂದವರೂ, ತಾಯತ ತಂದವರೂ.
ಹಿಂದಿನ ಬೀದಿಯ ಪಿಳ್ಳಮ್ಮನೂ ಹಾಗೇ ಮಲಗಿದ್ದರು.
ಹನ್ನೆರಡನೇ ದಿನ ಬಚ್ಚಲಿಗೆಂದು ಎದ್ದವರು
ಉಸಿರಿಗೆ ಬಾಯಿ ತೆರೆದು ಕುಸಿದರು.
ಹಾರ್ಟು, ಅಂದರು ಎಲ್ಲರೂ.
ಎಡಗಾಲು ಬಾತು ಬಿಗಿದಿದ್ದದ್ದು
ಹೆಣ ತೊಳೆದ ಹೆಂಗಸರಿಗೆ ಮಾತ್ರ ಗೊತ್ತು.

ಅದಕ್ಕೇ ನಾನು ಕೆಟ್ಟವನಾದೆ.
ಗಂಟೆಗೊಮ್ಮೆ, ಏಳು. ವಾಕರ್ ಹಿಡಿ. ಬಾಗಿಲವರೆಗೆ.
ಇನ್ನೂ ಸ್ವಲ್ಪ, ಬೇಸಿನ್‌ವರೆಗೆ.
ಕೂತಾಗಲೂ ಪಾದ ಮೇಲೆ ಕೆಳಗೆ, ಹೊಲಿಗೆ ಮಿಷನ್ ತುಳಿದ ಹಾಗೆ.
ಟೇಪು ಹಿಡಿದು ಮೀನಖಂಡ ಅಳೆದು
ಲೆಕ್ಕದ ಪುಸ್ತಕದಲ್ಲೇ ಬರೆದೆ:
ಬಲ ಹದಿಮೂರೂವರೆ ಇಂಚು, ಎಡ ಹದಿಮೂರೂಕಾಲು,
ಅದರ ಕೆಳಗೆ, ಸಿ.ಬಿ. ಗೂಡು ನಲವತ್ತು ಕೆಜಿ.

ರಾಟೆ ನಿಂತರೆ ಏನಾಗುತ್ತದೆಂದು ಇವಳಿಗೆ ಹೇಳಬೇಕೆ?
ಹಸಿ ಎಳೆ ನಿಂತಲ್ಲೇ ಗೋಂದು ಬಿಗಿದು
ಸುತ್ತಿಗೆ ಸುತ್ತು ಅಂಟಿಕೊಂಡು
ಬಿಡಿಸಹೋದರೆ ಕಡಿಯುತ್ತದೆ.
ನಾನು ಹೇಳಲಿಲ್ಲ.
ಹದಿನೇಳನೇ ರಾತ್ರಿ
ಹೊಟ್ಟೆಯ ನೇರಳೆ ಕಲೆಗಳನ್ನು ಎಣಿಸುತ್ತಾ ಅವಳೇ ಅಂದಳು:
"ನನ್ನನ್ನೂ ಬಿಚ್ಚಾಣಿಕೆಗೆ ಹಾಕಿದ್ದೀಯ ನೀನು."

ಇವತ್ತು ಇಪ್ಪತ್ತೆರಡು. ಬಲಕ್ಕೆ. ನಿನ್ನೆ ಎಡಕ್ಕಾಗಿತ್ತು.
ಎಂಟಕ್ಕೆ ಇನ್ನೂ ಐದು ನಿಮಿಷ.
ಪಾತ್ರೆಯಲ್ಲಿ ಗೂಡು ತೇಲುತ್ತಿವೆ, ಕೈ ಒರೆಸಿಕೊಳ್ಳುತ್ತಿದ್ದೇನೆ.
ಒಳಗಿಂದ ವಾಕರಿನ ರಬ್ಬರ್ ಕಾಲುಗಳ ಸದ್ದು
ಟಕ್, ಒಂದು ಎಳೆತ, ಟಕ್,
ನಾನು ಕರೆಯುವ ಮೊದಲೇ.