ಬಿಳಿ ಅಂದ್ರ ರಜಾ

ಅಂಗಡಿಯವ ಕೊಟ್ಟ ಬಣ್ಣದ ಪಟ್ಟಿ ಬಿಚ್ಚಿದ್ರ
ಜಮಖಾನಿ ಹಾಸಿದಷ್ಟು ಉದ್ದ.
ಸಾವಿರ ಬಣ್ಣ, ಸಾವಿರಕ್ಕೂ ಹೆಸರು:
ಸಮುದ್ರದ ಮಂಜು, ಮುಂಜಾನಿ ಮರಳು, ರೇಶಿಮಿ ಮೌನ.
ಸೋಲಾಪುರದಾಗ ಯಾವ ಸಮುದ್ರ?
ಮಗ್ಗದ ಖಟಾಖಟಿಯೊಳಗ ಯಾವ ಮೌನ?
ನನಗ ಗೊತ್ತಿರೋವು ಸೀರಿ ಅಂಗಡಿ ಹೆಸರು.
ಡಾಳಿಂಬ, ಅಂಜೂರಿ, ಮೋತಿಯಾ, ಗಿಳಿಹಸರು,
ನಮ್ಮತ್ತಿ ಹಬ್ಬಕ್ಕಷ್ಟ ಉಡ್ತಿದ್ದ ಕುಸುಬಿ.
ಬೀಡಿ ಎಲಿ ಕತ್ತರಿಸಿ ಕತ್ತರಿಸಿ
ನನ್ನ ಬೆರಳಿಗೂ ಒಂದು ಬಣ್ಣ ಬಂದದ,
ಪಟ್ಟಿಯೊಳಗ ಅದು ಸಿಗಲಿಲ್ಲ.
ಆ ಬೆರಳ ಡಾಳಿಂಬದ ಮ್ಯಾಲ ಇಟ್ಟೆ.
ಇವರು ಮೆಲ್ಲಕ ಸರಿಸಿದ್ರು.

ಇಪ್ಪತ್ತೆಂಟು ವರ್ಷ ಚಾದರದ ನೂಲಿಗೆ ಬಣ್ಣ ಹಾಕಿದವರು.
ಕಾರಖಾನಿ ಗಟಾರ ನೋಡೇ ತಿಳೀತಿತ್ತು ನನಗ
ಇವತ್ತ ಇವರು ಯಾವ ಬಣ್ಣದಾಗ ಬರ್ತಾರ ಅಂತ.
ರೊಟ್ಟಿ ಮುರಿದ್ರ ರೊಟ್ಟಿಗೆ ನೀಲಿ ಹೆಬ್ಬೆಟ್ಟು.
ದೀಪಾವಳಿಗೆ ಎಣ್ಣಿ ತಿಕ್ಕಿದ್ರ
ಬಚ್ಚಲಕ್ಕ ಹರಿದದ್ದು ಹಸರು ಎಣ್ಣಿ.

"ಬಿಳಿ ಹೊಡಸೂಣು," ಅಂದ್ರು.
"ಬಿಳಿ ಒಂದು ಬಣ್ಣ ಏನ್ರಿ?"
"ಅಲ್ಲ. ರಜಾ."

ಇಷ್ಟು ದಿನ ಅಡಗಿಮನಿ ಅಂದ್ರ
ಇದ್ದೊಂದು ಖೋಲಿಯ ಒಂದು ಮೂಲಿ, ನಡುವ ಹಳೀ ಚಾದರ.
ಈಗ ಎಂಟು ಫೂಟು, ಆರು ಫೂಟು,
ಸ್ವಂತದೊಂದು ಬಾಗಿಲು!
ತಂಗಿ ಮಗಳು ಭಾಗ್ಯಶ್ರೀ ಮೊಬೈಲ್ ಹಿಡಕೊಂಡು ಬಂದಳು.
"ಮೌಶಿ, ಇದು ಎಲ್ ಆಕಾರ, ಇದು ಯು ಆಕಾರ,
ಇದು ನೋಡು, ನಟ್ಟನಡುವ ಕಲ್ಲಿನ ಕಟ್ಟಿ,
ಇದಕ್ಕ ದ್ವೀಪ ಅಂತಾರ."
ನಾನಂದೆ, ನಮ್ಮ ಅಡಗಿಮನ್ಯಾಗ ನಟ್ಟನಡುವ
ಕಾಲು ಚಾಚಿ ನಾ ಕುಂತ್ರ ನಾನ ದ್ವೀಪ.
ಸುತ್ತ ನೀರು ಸೈತ ಅದ:
ನಾಕು ದಿನಕ್ಕೊಮ್ಮೆ ನಳ ಬರೂ ಊರಾಗ
ಮೊದಲ ಬರೋದು ಡ್ರಮ್ಮು, ಆಮ್ಯಾಲ ಡಿಜಾಯಿನ್ನು.
ಎರಡು ನೀಲಿ ಡ್ರಮ್ಮು ಬಾಗಿಲ ಹಿಂದ,
ಒಂದು ಒಲಿ ಬಾಜೂಕ.
ಉಳಿದದ್ದರಾಗ ಎಲ್ ಆದ್ರೇನು, ಯು ಆದ್ರೇನು.

ಬಿಳಿ ಗ್ವಾಡಿ ತಿಕ್ಕಾವರು ಯಾರು?
ಒಗ್ಗರಣಿ ಹೊಗಿ, ಶೇಂಗಾ ಹುರಿದ ಮಸಿ,
ಕಾರಬ್ಯಾಳಿ ಉಕ್ಕಿದ್ದು, ಅರಿಷಿಣ ಸಿಡಿದದ್ದು,
ಇವರ ರಜಾಕ್ಕ ನನ್ನ ಡ್ಯೂಟಿ!
ಎರಡು ದಿನ ಮಾತು ಬಿಟ್ವಿ.
ಬಣ್ಣ ಹೊಡಿಯೋ ಅಂಬಾದಾಸನ ಕಡಿಂದ ಮಾತು.
"ಅಂಬಾದಾಸ, ನಿಮ್ಮ ವೈನಿಗಿ ಹೇಳು."
"ಅಂಬಾದಾಸ, ನಿಮ್ಮ ಅಣ್ಣಗ ಹೇಳು."
ಅವ ನಿಚ್ಚಣಕಿ ಮ್ಯಾಲ ಕುಂತು ಚಹಾ ಕುಡೀತಾ
ತನ್ನ ತೆಲುಗು ಸುರಿದ ಕನ್ನಡದಾಗ ಅಂದ:
"ಕೂಲಿ ದಿನಕ್ಕ ಆರುನೂರ ಅಕ್ಕಾ,
ಜಗಳಕ್ಕ ಬ್ಯಾರೆ."

ಮೂರನೇ ರಾತ್ರಿ ನಿದ್ದಿಯಿಲ್ಲದ ಇವರು ತಾವಾಗೇ ಮಾತಾಡಿದ್ರು.
"ಕಡಾಯಿಗೆ ಬಣ್ಣ ಹಾಕಿದ್ರಾಗಲಿಲ್ಲ.
ಉಪ್ಪು ಬೇಕು, ಹಿಡಿ ಹಿಡಿ ಉಪ್ಪು.
ಸೋಡಾ ಬೇಕು. ಸಣ್ಣ ಉರಿ, ಸತತ ಕೈಯಾಡಿಸಬೇಕು.
ಇಲ್ಲಂದ್ರ ನೂಲಿಗೆ ಹತ್ತೂದಿಲ್ಲ."
ಮಗ್ಗಲಾದೆ. ಇಷ್ಟು ವರ್ಷ
ನನಗೊಬ್ಬಾಕಿಗೇ ಅಡಗಿ ಬರ್ತದ ಅಂತ ತಿಳಕೊಂಡಿದ್ನಲ್ಲ.
ಮುಂಜಾನೆ ಅಂಬಾದಾಸಗ ನಾನ ಹೇಳಿದೆ: ಬಿಳಿ.

ಡಬ್ಬಿ ಮುಚ್ಚಳ ತಗದ್ರು. ಇವರು ಬಗ್ಗಿ ನೋಡಿದ್ರು.
ಬೆರಳ ಅದ್ದಿದ್ರು, ಬಿಸಲಿಗೆ ಹಿಡದ್ರು.
"ಸತ್ತದ ಇದು," ಅಂದ್ರು.
ಅಂಗಿ ಕಿಸೆದಿಂದ ಒಂದು ಪುಡಿಕಿ ನೀಲಿ,
ಉಗುರಿನ ತುದಿಯಷ್ಟ,
ಕೋಲು ತಗೊಂಡು ತಿರಿವಿದ್ರು, ತಿರಿವಿದ್ರು,
ತಾಸುಗಟ್ಲೆ ತಿರಿವಿದ್ರು.
"ಬಿಳಿಗೂ ಒಂದೀಟು ನೀಲಿ ಬೇಕು, ಅಂದ್ರ ಬಿಳಿ ಆಗ್ತದ."
ರಜಾ ಅಂದಿದ್ರಿ, ಅನಬೇಕಂದೆ.
ಅನಲಿಲ್ಲ. ಮೊಣಕೈ ತನಕ ಬಿಳಿ ಆಗಿದ್ರು.
ಮದಲಿಂಗನ ಹಂಗ ಕಾಣ್ತಿದ್ರು.

ಹೊಸಾ ಒಲಿ, ಮೊದಲ ದಿನ.
ಸಾಸಿವಿ ಸಿಡೀತು, ಅರಿಷಿಣ ಹಾರಿತು,
ಗ್ವಾಡಿ ಮ್ಯಾಲ ಕಡ್ಲಿಬ್ಯಾಳಿಯಷ್ಟು ಒಂದು ಹಳದಿ.
ನಾ ಅರಬಿ ಹುಡುಕಾಕತ್ತಿದ್ದೆ,
ಇವರು ಅಲ್ಲೇ ನಿಂತು, ಕಣ್ಣ ಸಣ್ಣ ಮಾಡಿ,
ನೂಲಿನ ಲಡಿ ನೋಡಿದಂಗ ನೋಡಿದ್ರು.

"ಹತ್ತೇದ," ಅಂದ್ರು.
ಉಪ್ಪು ಹಾಕಿದ್ದೆ, ಹತ್ತದ ಏನು.