ಕಿವಿರು

ಐಸ್ ಫ್ಯಾಕ್ಟರಿಯ ರಸೀದಿಯ ಬೆನ್ನಿಗೆ
ಮೂರು ಬಿ.ಎಡ್. ಕಾಲೇಜಿನ ಹೆಸರು ಬರೆದೆ.
ಕೆಳಗೆ ಶುಲ್ಕ, ಬಸ್ಸಿನ ಪಾಸು,
ಎರಡು ಸಮವಸ್ತ್ರದ ಸೀರೆ, ಚಾರ್ಟು, ಥರ್ಮೋಕೋಲು.
ಆಯಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ.
ಬೈತಕೋಲದ ಹರಾಜಿನಲ್ಲಿ
ಕೂಗುವವನ ಬಾಯಿ ಮುಚ್ಚುವ ಮೊದಲೇ
ಬುಟ್ಟಿಗೆಷ್ಟು, ಐಸಿಗೆಷ್ಟು, ರಿಕ್ಷಾಕ್ಕೆಷ್ಟು
ಬೆರಳ ಗಿಣ್ಣಿನಲ್ಲಿ ಮುಗಿದಿರುತ್ತದೆ.

"ಬರೆದದ್ದು ಸಾಕು, ಹೋಗಿ ನೋಡುವ.
ಮುಚ್ಚಿದ ಬುಟ್ಟಿಗೆ ಯಾರು ದರ ಹೇಳ್ತಾರೆ?"

ಬೋಟುಗಳೆಲ್ಲ ದಡದಲ್ಲಿ ಕಟ್ಟಿಕೊಂಡಿದ್ದ ಜುಲೈ,
ಅವಳಿಗೂ ಪುರುಸೊತ್ತು.

ಮೊದಲನೆಯದು ಕಾರವಾರದಲ್ಲೇ,
ಟೈಲ್ಸ್ ಅಂಗಡಿಯ ಮೇಲೆ ಮೂರನೇ ಮಾಳಿಗೆ.
ಹೊಸ ಬಣ್ಣದ ವಾಸನೆ, ಗಾಜಿನ ಬಾಗಿಲು.
ಒಂದು ಲಕ್ಷದ ಹತ್ತು ಸಾವಿರ.
ಗುಮಾಸ್ತ ದನಿ ತಗ್ಗಿಸಿದ:
"ಇನ್ನೊಂದು ಮೂವತ್ತು ಸೇರಿಸಿದರೆ ಬರುವುದೇ ಬೇಡ.
ಹಾಜರಿ ನಮ್ಮದು. ಪಾಠಯೋಜನೆಯೂ ಬರೆದದ್ದೇ ಸಿಗ್ತದೆ."

ಆಯಿ ಮೆಟ್ಟಿಲ ನಡುವೆ ನಿಂತುಬಿಟ್ಟಳು.
"ಬರದೇ ಇರೋದಕ್ಕೆ ಹೆಚ್ಚಾ?
ಮೀನು ಕೊಡದೆ ನಾ ದುಡ್ಡು ತಕಂಡಿದ್ರೆ
ಪೇಟೆಯವರು ನನ್ನ ಕೊಡೆ ಕಿತ್ತು ಗಟಾರಕ್ಕೆ ಎಸೀತಿದ್ರು."

ನಾನು ನಗಲಿಲ್ಲ.
ಸದಾಶಿವಗಡದ ಖಾಸಗಿ ಶಾಲೆಯಲ್ಲಿ
ತರಬೇತಿಯಿಲ್ಲದ ಟೀಚರಿಗೆ ತಿಂಗಳಿಗೆ ಎಂಟು ಸಾವಿರ.
ಎರಡು ವರ್ಷ ಕ್ಲಾಸಿಗೆ ಕೂತರೆ ಆ ಎಂಟೂ ಇಲ್ಲ.
ಕೈಗೆ ಬಾರದ ಒಂದು ಲಕ್ಷದ ತೊಂಬತ್ತೆರಡು ಸಾವಿರವನ್ನು
ಯಾವ ಕಾಲೇಜಿನ ಶುಲ್ಕಪಟ್ಟಿಯಲ್ಲೂ ಬರೆಯುವುದಿಲ್ಲ.
ನಾನೂ ರಸೀದಿಯಲ್ಲಿ ಬರೆದಿರಲಿಲ್ಲ.
ಮೆಟ್ಟಿಲಲ್ಲಿ ನಿಂತು, ಗುಟ್ಟಾಗಿ,
ಗುಮಾಸ್ತನ ಕಡೆಗೇ ಲೆಕ್ಕ ಕೂಡಿಸುತ್ತಿದ್ದೆ.

ಅಂಚೆಯಲ್ಲಿ ಕಲಿಸುವ ಮೂರನೆಯದಕ್ಕೆ
ಹೋಗಿ ನೋಡಲು ಬಾಗಿಲೇ ಇರಲಿಲ್ಲ.

ಕುಮಟೆಗೆ ಎರಡು ತಾಸು.
ಹಳೇ ಹಂಚಿನ ಕಾಲೇಜು, ವರ್ಷಕ್ಕೆ ಇಪ್ಪತ್ತೆಂಟು.
ಅಷ್ಟೇ ದುಡ್ಡಿಗೆ ಆಯಿ
ಸೆಕೆಂಡ್ ಹ್ಯಾಂಡ್ ಫ್ರೀಜರೊಂದನ್ನು ಮಾತಾಡಿಟ್ಟಿದ್ದಳು,
ಸಂಜೆಗೆ ಉಳಿದ ಬಂಗಡೆಯನ್ನು
ಇನ್ನು ಅರ್ಧಕ್ಕೆ ಕೊಡಬೇಕಿಲ್ಲ ಎಂದು.

ಪ್ರಾಂಶುಪಾಲರು ಮಾತಾಡುತ್ತಿದ್ದರು. ಅವಳು ಕೇಳಲಿಲ್ಲ.
ಸಂಡಾಸಿನ ನಲ್ಲಿ ತಿರುಗಿಸಿ ಬಂದಳು.
ಗ್ರಂಥಾಲಯದ ಪುಸ್ತಕವೊಂದನ್ನು ತೆಗೆದು
ಮೂಲೆ ಮಡಚಿದೆಯೋ ಎಂದು ನೋಡಿದಳು.
ಆಮೇಲೆ ಕಿಟಕಿಯ ಸರಳು ಹಿಡಿದು ನಿಂತಳು:
ಒಳಗೆ ಹುಡುಗಿಯೊಬ್ಬಳು ಕಾಗದದ ಭಾಕರಿ ಕತ್ತರಿಸುತ್ತ
ಭಿನ್ನರಾಶಿ ಕಲಿಸುತ್ತಿದ್ದಳು,
ಮಕ್ಕಳ ಬದಲು ಬೆಂಚಿನಲ್ಲಿ ಜೊತೆಯವರು.
ಹಿಂದೆ ಕೂತ ಮುದುಕ ಮೇಷ್ಟ್ರು ಪೆನ್ನು ಕೆಳಗಿಟ್ಟರು.
"ಕೊನೇ ಬೆಂಚಿನವಳು ಮೂರು ಸಲ ಕೈ ಎತ್ತಿದಳು.
ನೀನು ಭಾಕರಿ ನೋಡ್ತಾ ಇದ್ದೆ. ಮತ್ತೆ ಮೊದಲಿಂದ."

ಆಯಿ ನನ್ನ ಮೊಣಕೈ ತಿವಿದಳು.
"ಕಿವಿರು ಕೆಂಪಿದೆ."
ಮೀನಿನ ಕಣ್ಣು ನಂಬಬೇಡ, ಐಸು ಹೊಳಪು ಕೊಡ್ತದೆ,
ಕಿವಿರು ಎತ್ತು ಎಂದು
ನನಗೆ ಐದನೇ ವಯಸ್ಸಿಗೇ ಹೇಳಿಕೊಟ್ಟವಳು.

ತಿರುಗಿ ಬರುವಾಗ ಕತ್ತಲೆ. ಬಸ್ಸಿನಲ್ಲಿ ಹೇಳಿದೆ:
ಚಿತ್ತಾಕುಲದ ಪ್ರಜಕ್ತಾ ಬಿ.ಎಡ್. ಮಾಡಿ ಏಳು ವರ್ಷ,
ಟಿ.ಇ.ಟಿ. ಎರಡು ಸಲ ಪಾಸು,
ಈಗ ಬೇಕರಿಯಲ್ಲಿ ಬಿಲ್ಲು ಹೊಡೀತಾಳೆ.
"ಬೆಳಿಗ್ಗೆ ಹಿಡಿದ ಬುಟ್ಟಿಗೆ
ಸಂಜೆಯ ದರ ಯಾರಿಗೆ ಗೊತ್ತು?" ಅಂದಳು.
ಸಮಾಧಾನಕ್ಕಲ್ಲ. ಅವಳಿಗೂ ಗೊತ್ತಿರಲಿಲ್ಲ.

ಗಂಗಾವಳಿ ಸೇತುವೆ ದಾಟಿದ ಮೇಲೆ ಕೇಳಿದಳು:
"ಭಿನ್ನರಾಶಿ ಅಂದ್ರೆ ಎಂತದು?"
ಅಂಶ, ಛೇದ, ಸಮಛೇದ ಎನ್ನುತ್ತ
ಮುಂದಿನ ಸೀಟಿನ ಬೆನ್ನಿಗೆ ಬೆರಳಲ್ಲಿ ಗೀಚುತ್ತ
ಅಂಕೋಲೆಯವರೆಗೂ ಹೇಳಿದೆ.
ಸ್ಟ್ಯಾಂಡಿನ ದೀಪ ಒಳಗೆ ಬಿತ್ತು.
ಆಯಿಯ ಬಲಗೈ ಅರ್ಧ ಮೇಲಿತ್ತು,
ಬೆರಳುಗಳಿಗೆ ಮಾಸದ ಉಪ್ಪಿನ ಬಿರುಕು.
"ಪಾಲು ಅನ್ನೋಕೆ ಆಗ್ಲೇ ಎತ್ತಿದ್ದೆ," ಅಂದಳು,
"ನೀ ಸೀಟು ನೋಡ್ತಾ ಇದ್ದೆ."

ಕಂಡಕ್ಟರ್ ಹತ್ತು ನಿಮಿಷ ಎಂದು ಕೂಗಿ
ಚಾ ಕುಡಿಯಲು ಇಳಿದ.
ರಸೀದಿ ನನ್ನ ಮುಷ್ಟಿಯಲ್ಲಿ ಬೆವತಿತ್ತು.
ಸೀಟಿನತ್ತ ಬೆರಳೊಯ್ದೆ, ಹಿಂದೆ ತೆಗೆದೆ,
ಅವಳ ಕಡೆ ತಿರುಗಿ ಕೂತೆ.
ಮತ್ತೆ ಮೊದಲಿಂದ.