ಹಿಡಿದವರು

ಕೊಡಚಾದ್ರಿಯ ಬೆನ್ನಲ್ಲಿ, ಮೋಡವಿಲ್ಲದ ದಿನ
ಕನ್ನಪ್ಪ ಕೊಡೆ ಬಿಚ್ಚಿ
ತಲೆಕೆಳಗು ಹಿಡಿದ.
ವಾಟೆ ಮೆಳೆಗೆ ನಾನು ಕೋಲಿಂದ ಎರಡೇಟು.
ಉದುರಿದ್ದು ಎಲೆಚೂರು, ಒಂದು ಗೊದ್ದ,
ಆಮೇಲೆ ಕಾಲು ಮಡಚಿ
ಸತ್ತಂತೆ ಬಿದ್ದುಕೊಂಡ ಜೇಡಗಳು.

ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ
ಸ್ಪಿರಿಟ್ಟಿನ ಸೀಸೆಗೆ.
ಪೆನ್ಸಿಲ್ಲಲ್ಲಿ ಚೀಟಿ: ತಾರೀಖು, ಎತ್ತರ, ಗಿಡ,
ಹಿಡಿದವರು.
‘ನನ್ನ ಹೆಸರು ಬ್ಯಾಡ ಮಾರಾಯ್ತಿ,
ನಾ ಹಿಡಿದಿದ್ದು ಕೊಡೆ ಮಾತ್ರ.’

ಕೊನೆಯದಕ್ಕೆ ಸತ್ತಂತಿರಲು ಪುರಸೊತ್ತಿರಲಿಲ್ಲ.
ಸಾಬಕ್ಕಿ ಕಾಳಿನಂಥ ಮೊಟ್ಟೆಚೀಲ
ಬಾಯಲ್ಲಿ ಕಚ್ಚಿಕೊಂಡೇ
ಕೊಡೆಯ ಕಡ್ಡಿ ಹತ್ತಿ ಅಂಚಿಗೆ ಬಂತು,
ನಿಂತಿತು.
ನನ್ನ ಕುಂಚವೂ.

ಕನ್ನಪ್ಪ ಏನೂ ಅನ್ನಲಿಲ್ಲ.
ಬಿಸಿಲು ಜೋರಾಯಿತೆಂಬಂತೆ ಕಣ್ಣು ಕಿರಿದು ಮಾಡಿ
ಕೊಡೆ ತಿರುಗಿಸಿ
ತಲೆಯ ಮೇಲೆ ಹಿಡಿದ.